ಹೈಸ್ಕೂಲು ಓದುತ್ತಲೇ ಕಟಿಂಗ್ ಕಲಿಯುವವರ ಕೈಗೆ ಮೊದಲು ಕೊಡಬೇಕಾದ್ದು ಮಷಿನ್ನೋ, ಕತ್ತರಿಯೋ?

ಕತ್ತರಿಗಾರ

ಶಾಲೆ ಬಿಟ್ಟ ಮೇಲೆ ಕ್ಷೌರದ ಕೆಲಸ ಕಲಿಯಲು ಬರುವ ಹೈಸ್ಕೂಲು ಮಕ್ಕಳಿಗೆ ನಿಜವಾಗಿ ಸಿಗುವ ಸಮಯ ಎಷ್ಟು ಅಂತ ಮೊದಲು ಲೆಕ್ಕ ಹಾಕೋಣ. ವಾರದ ನಡುವೆ ಎರಡು ಸಂಜೆ ಒಂದೂವರೆ ಗಂಟೆಯಂತೆ ಮೂರು, ರಜೆಯ ದಿನ ಐದು. ಒಟ್ಟು ವಾರಕ್ಕೆ 8 ಗಂಟೆ. ಪರೀಕ್ಷೆ ವಾರಗಳನ್ನೆಲ್ಲ ಕಳೆದು ವರ್ಷಕ್ಕೆ 40 ವಾರ ಹಿಡಿದರೆ 320 ಗಂಟೆ. ಲೈಸೆನ್ಸ್ ಕಡ್ಡಾಯ ಇರುವ ಕಡೆ 1000ದಿಂದ 1500 ಗಂಟೆ ತರಬೇತಿ ಕೇಳುವುದು ಸಾಮಾನ್ಯ. ಎರಡು ವರ್ಷ ತಪ್ಪದೆ ಬಂದರೂ ಅರ್ಧ ದಾರಿ.

ಗಂಟೆ ಇಷ್ಟು ಕಡಿಮೆ ಇರುವಾಗ ಯಾವುದನ್ನು ಮೊದಲು ಕಲಿಸಬೇಕು ಅನ್ನುವುದೇ ಮುಖ್ಯ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಮೊದಲ ಮೂರು ತಿಂಗಳು ಕೂದಲು ಕತ್ತರಿಸುವ ವಿದ್ಯುತ್ ಮಷಿನ್ ಮುಟ್ಟಿಸಬಾರದು. ಬಾಚಣಿಗೆ ಮತ್ತು ಕತ್ತರಿ ಸಾಕು. ನಾಲ್ಕನೇ ತಿಂಗಳಿಂದ ಮಷಿನ್, ಎಂಟನೇ ತಿಂಗಳಿಗೆ ಫೇಡ್ (ಕೆಳಗೆ ತೀರಾ ಸಣ್ಣದಿದ್ದು ಮೇಲಕ್ಕೆ ಹೋದಂತೆ ಗೆರೆ ಕಾಣದ ಹಾಗೆ ಉದ್ದವಾಗುವ ಕಟಿಂಗ್), ಎರಡನೇ ವರ್ಷ ಶೇವಿಂಗ್. ಈಗ ಹೆಚ್ಚಿನವರು ಇದನ್ನು ತಲೆಕೆಳಗು ಮಾಡ್ತಿದ್ದಾರೆ. ಹುಡುಗರು ಎರಡನೇ ವಾರಕ್ಕೇ ಫೇಡ್ ಹಿಡಿದು ಕೂತಿರ್ತಾರೆ, ಆರು ತಿಂಗಳಾದರೂ ಬಾಚಣಿಗೆಯಲ್ಲಿ ಕೂದಲನ್ನು ಸಮವಾಗಿ ಎತ್ತಿ ಹಿಡಿಯಲು ಬರಲ್ಲ. ಕೆಲಸ ಗೊತ್ತಿರುವವರು ಈ ಕ್ರಮ ಸರಿಯೋ ತಪ್ಪೋ ಹೇಳಿ.

ಅಲಗು

ನೋಡ್ರಿ, ಮೂರು ತಿಂಗಳು ಮಷಿನ್ ಮುಟ್ಟಬಾರದು ಅಂದ್ರ ಹುಡುಗರು ಹದಿನೈದು ದಿನಕ್ಕ ಬಿಟ್ಟು ಹೋಗ್ತಾರ. ಆ ವಯಸ್ಸಿಗೆ ಕೈಯಾಗ ಏನರೆ ಮುಗಿದದ್ದು ಕಾಣಬೇಕು. 3ನೇ ನಂಬರ್ ಗಾರ್ಡ್ (ಕೂದಲ ಎಷ್ಟು ಉದ್ದ ಉಳೀಬೇಕು ಅಂತ ಮಷಿನ್ ಬ್ಲೇಡಿಗೆ ಸಿಗಿಸೂ ಬಾಚಣಿಗಿ) ಹಾಕಿ ತಲಿ ಪೂರ್ತಿ ಒಂದೇ ಅಳತಿಗೆ ಇಳಿಸೋದು ಮೊದಲನೇ ತಿಂಗಳಾಗ ಕಲಿಸಬಹುದು. ಅದರಾಗ ಬರೇ ಕೂದಲ ಕತ್ತರಿಸೋದು ಇಲ್ಲ. ಕೂದಲ ಯಾವ ಕಡೆ ಬೆಳದೈತಿ, ಸುಳಿ ಎಲ್ಲೈತಿ, ತಲಿಬುರುಡಿ ಎಲ್ಲಿ ಉಬ್ಬೈತಿ, ಎಲ್ಲಿ ತಗ್ಗೈತಿ, ಇವೆಲ್ಲ ಕೈಗೆ ತಿಳಿತಾವ. ಗಾರ್ಡ್ ಇದ್ರ ಗಾಯ ಆಗೂ ಭಯಾನೂ ಕಡಿಮಿ.

ಬಾಚಣಿಗೆ ಕೈ

ಇಬ್ಬರ ಮಾತಿನಲ್ಲೂ ಸತ್ಯ ಇದೆ, ಆದರೆ ಜಗಳ ಮಷಿನ್ನೋ ಕತ್ತರಿಯೋ ಅನ್ನುವುದಲ್ಲ. ಕತ್ತರಿಸುವ ಕೈಯೋ, ಕೂದಲು ಹಿಡಿಯುವ ಕೈಯೋ ಅನ್ನುವುದು. ಬಲಗೈ ಎರಡು ವಾರದಲ್ಲಿ ಕಲಿಯುತ್ತೆ. ಎಡಗೈ ಕಲಿಯಲು ತಿಂಗಳುಗಟ್ಟಲೆ ಬೇಕು. ಕೂದಲನ್ನು ಎಷ್ಟು ಕೋನದಲ್ಲಿ ಎತ್ತುತ್ತೀರಿ, ಎಷ್ಟು ಬಿಗಿ ಹಿಡೀತೀರಿ, ಅದರ ಮೇಲೆ ಉದ್ದ ನಿರ್ಧಾರ ಆಗುತ್ತೆ. ಕತ್ತರಿ ಬರೀ ಗೆರೆ ಎಳೆಯುತ್ತೆ.

ಶುರುವಿಗೆ ಕತ್ತರಿ ಹಿಡಿಯುವ ರೀತಿ. ಉಂಗುರ ಬೆರಳು ಕತ್ತರಿಯ ಒಂದು ಕಣ್ಣಿನಲ್ಲಿ (ಬೆರಳು ತೂರಿಸುವ ಬಳೆ), ಕಿರುಬೆರಳು ಆ ಬಳೆಯಿಂದ ಹೊರಚಾಚಿದ ಬಾಲದ ಮೇಲೆ. ಹೆಬ್ಬೆರಳು ಇನ್ನೊಂದು ಕಣ್ಣಿನಲ್ಲಿ ಉಗುರಿನ ಬುಡದವರೆಗೆ ಮಾತ್ರ, ಗೆಣ್ಣು ದಾಟಿ ಒಳಗೆ ಹೋಗಬಾರದು. ಉಂಗುರ ಬೆರಳಿನ ಕಡೆಯ ಅಲಗು ಕದಲಬಾರದು, ಹೆಬ್ಬೆರಳಿನ ಕಡೆಯದ್ದು ಮಾತ್ರ ಆಡಬೇಕು. ಹೊಸಬರು ಎರಡೂ ಅಲಗನ್ನು ಕಾಗದ ಕತ್ತರಿಸುವ ಹಾಗೆ ಆಡಿಸ್ತಾರೆ. ಆಗ ಗೆರೆ ಅಲೆಅಲೆಯಾಗುತ್ತೆ.

ಮನೆಯಲ್ಲಿ ಅಭ್ಯಾಸ ಹೀಗೆ: ಬಾಚಣಿಗೆಯನ್ನು ಎಡಗೈಯಲ್ಲಿ ಅಡ್ಡ ಹಿಡಿದು, ಕದಲದ ಅಲಗನ್ನು ಅದಕ್ಕೆ ಸಮಾನಾಂತರವಾಗಿ ತಾಗಿಸಿ, ಬಾಚಣಿಗೆಯನ್ನು ನಿಧಾನ ಮೇಲಕ್ಕೆ ಒಯ್ಯುತ್ತಾ ಹೆಬ್ಬೆರಳು ಮಾತ್ರ ಆಡಿಸಬೇಕು. ಸೊಂಟದ ಮಟ್ಟದಿಂದ ಹಣೆಯವರೆಗೆ, ಎಲ್ಲೂ ನಿಲ್ಲಿಸದೆ. ದಿನಕ್ಕೆ ಹದಿನೈದು ನಿಮಿಷ. ಇದಕ್ಕೆ ತಲೆಯೂ ಬೇಡ, ಗಿರಾಕಿಯೂ ಬೇಡ. ರಜೆ ದಿನ ಒಟ್ಟಿಗೆ ಐದು ಗಂಟೆ ಮಾಡುವುದಕ್ಕಿಂತ ಇದರಿಂದ ಕೈ ಬೇಗ ಕೂರುತ್ತೆ.

ಕತ್ತರಿಗಾರ

> ಎಲ್ಲೂ ನಿಲ್ಲಿಸದೆ

ಇದನ್ನು ದಪ್ಪಕ್ಷರದಲ್ಲಿ ಬರೆದು ಕನ್ನಡಿ ಪಕ್ಕ ಅಂಟಿಸಬೇಕು. ಬಾಚಣಿಗೆ ಮೇಲೆ ಕತ್ತರಿ ಆಡಿಸುವಾಗ ಮೆಟ್ಟಿಲು (ಕೂದಲಿನ ಉದ್ದ ಥಟ್ಟನೆ ಬದಲಾಗುವ ಗೆರೆ) ಬೀಳುವುದು ಬಾಚಣಿಗೆ ನಿಂತ ಜಾಗದಲ್ಲೇ.

ಒಂಬತ್ತನೇ ಕ್ಲಾಸು

ಸರ್, ನಾನು ಈಗ ಕಲಿಯುತ್ತಿರುವವನು. ಅಭ್ಯಾಸಕ್ಕೆ ಗೊಂಬೆ ತಲೆ ತಗೊಳ್ಳಬೇಕು ಅಂತಾರೆ. ಒಂದು ಸಲ ಕಟ್ ಮಾಡಿದರೆ ಮುಗಿದೇಹೋಯ್ತಲ್ಲ, ಕೂದಲು ಮತ್ತೆ ಬೆಳೆಯಲ್ಲ. ಎಷ್ಟು ತಲೆ ಬೇಕಾಗುತ್ತೆ?

ಜೋಡಿಸುಳಿ

ತಮ್ಮಾ, ಒಂದು ತಲೆಯಲ್ಲಿ ಐದಾರು ಪಾಠ ಮಾಡಬಹುದು, ಉದ್ದದಿಂದ ಗಿಡ್ಡಕ್ಕೆ ಹೋಗಬೇಕು ಅಷ್ಟೆ. ಮೊದಲು ತುದಿ ಒಂದೇ ಗೆರೆಗೆ ಬರುವ ಹಾಗೆ, ಕೂದಲು ಎತ್ತದೆ, ಸೊನ್ನೆ ಡಿಗ್ರಿಯಲ್ಲಿ. ಆಮೇಲೆ 45 ಡಿಗ್ರಿ ಎತ್ತಿ ಪದರ. ಆಮೇಲೆ ತಲೆ ಪೂರ್ತಿ 90 ಡಿಗ್ರಿಯಲ್ಲಿ ಎತ್ತಿ 12 ಸೆಂ.ಮೀ.ಗೆ, ಅದೇ ರೀತಿ ಮತ್ತೆ 7 ಸೆಂ.ಮೀ.ಗೆ. ನಂತರ ಪಕ್ಕ ಮತ್ತು ಹಿಂದಲೆ ಬಾಚಣಿಗೆ ಮೇಲೆ ಕತ್ತರಿ. ಕೊನೆಗೆ ಮಷಿನ್. ಪ್ರತಿ ಹಂತದಲ್ಲೂ ಕತ್ತರಿಸಿ ಮುಗಿದ ಮೇಲೆ ಅಡ್ಡಡ್ಡ ಬಾಚಿ ನೋಡು. ಮೇಲಿಂದ ಕೆಳಕ್ಕೆ ಕತ್ತರಿಸಿದ್ದರೆ ಎಡದಿಂದ ಬಲಕ್ಕೆ ಎತ್ತಿ ಪರೀಕ್ಷಿಸು. ಉಳಿದ ಮೂಲೆಗಳು ಅಲ್ಲಿ ಕಾಣಿಸ್ತವೆ.

ನಿಜವಾದ ಕೂದಲಿನ ತಲೆಯನ್ನೇ ತಗೋ. ಪ್ಲಾಸ್ಟಿಕ್ ಎಳೆಯದ್ದು ಕತ್ತರಿಯ ಮೊನಚು ಹಾಳುಮಾಡುತ್ತೆ, ಡ್ರೈಯರ್ ಬಿಸಿಗೆ ಕರಗುತ್ತೆ. ಒಂದು ಮಾತು ನೆನಪಿಟ್ಟುಕೋ: ಗೊಂಬೆಗೆ ನಿಜವಾದ ಸುಳಿ ಇರಲ್ಲ, ಚರ್ಮ ಜಗ್ಗಲ್ಲ, ಕಿವಿ ಮಡಚಲ್ಲ, ಕೂದಲು ಎಲ್ಲ ಕಡೆ ಒಂದೇ ದಟ್ಟಣೆ. ಆದ್ದರಿಂದ ಅಲ್ಲಿ ಚೆನ್ನಾಗಿ ಬಂತು ಅಂದರೆ ಕೋನ ಬಂತು ಅಂತ ಮಾತ್ರ ಅರ್ಥ.

ಅಲಗು

ಗೊಂಬಿ ತಲಿನೂ ಸಿಗಲಿಲ್ಲ ಅಂದ್ರ ಉಣ್ಣೆ ದಾರ ಒಂದು ಕೋಲಿಗೆ ಒತ್ತೊತ್ತಾಗಿ ಕಟ್ಟಿ ಇಳಿಬಿಡ್ರಿ. ಎರಡು ಬೆರಳ ನಡುವ ಹಿಡಿದು ಸಾಲಿಗೆ ಕತ್ತರಿಸೋದು ಕಲಿಯಾಕ ಸಾಕು. ಬೆರಳಿನ ಎರಡನೇ ಗೆಣ್ಣು ದಾಟಿ ಮುಂದ ಕತ್ತರಿಸಬಾರದು. ಅಲ್ಲಿಂದಾಚಿಗೆ ಬೆರಳಿನ ಹಿಡಿತ ಸಡಿಲ ಆಗ್ತದ, ಗೆರಿ ವಾರಿ ಬೀಳ್ತದ, ಬೆರಳ ಸಂದಿಯ ಚರ್ಮಾನೂ ಕತ್ತರಿಗೆ ಸಿಗ್ತದ. ಹೊಸಬರ ಗಾಯ ಬಹಳಷ್ಟು ಅಲ್ಲೇ ಆಗೂದು.

ಎಣ್ಣೆಬಾಟ್ಲಿ

ಕತ್ತರಿ ವಿಷಯಕ್ಕೆ ಬಂದಿದ್ದಕ್ಕೆ: ಬೆರಳ ನಡುವೆ ಹಿಡಿದು ಕತ್ತರಿಸಲು 5.5 ಅಥವಾ 6 ಇಂಚು, ಬಾಚಣಿಗೆ ಮೇಲೆ ಆಡಿಸಲು 6.5ರಿಂದ 7 ಇಂಚು. ಒಂದೇ ಕೊಳ್ಳುವುದಾದರೆ 6 ಇಂಚಿನದ್ದು. ತೆಳುಮಾಡುವ ಹಲ್ಲುಕತ್ತರಿ ಮೊದಲ ವರ್ಷ ಬೇಡವೇ ಬೇಡ. ಮಕ್ಕಳು ಮೆಟ್ಟಿಲು ಮುಚ್ಚಲು ಅದನ್ನು ಬಳಸೋಕೆ ಶುರುಮಾಡಿ ತಪ್ಪು ತಿದ್ದುವುದನ್ನೇ ಕಲಿಯಲ್ಲ. ಬುಡದ ಹತ್ತಿರ ಹಾಕಿದರಂತೂ ಗಿಡ್ಡ ಕೂದಲು ಮುಳ್ಳಿನ ಹಾಗೆ ನಿಂತು ಮೇಲಿನ ಕೂದಲನ್ನು ಎತ್ತಿಬಿಡುತ್ತೆ. ತಲೆ ದಪ್ಪ ಕಾಣುತ್ತೆ.

ತಿರುಪು ಪರೀಕ್ಷೆ ಗೊತ್ತಿರಲಿ. ಒಂದು ಕಣ್ಣನ್ನು ಹಿಡಿದು, ಇನ್ನೊಂದು ಅಲಗನ್ನು 90 ಡಿಗ್ರಿ ಎತ್ತಿ ಬಿಡಿ. ಪೂರ್ತಿ ಮುಚ್ಚಿಕೊಂಡರೆ ಸಡಿಲ, ಕೂದಲು ಅಲಗಿನ ನಡುವೆ ಮಡಚಿಕೊಳ್ಳುತ್ತೆ. ಬಿಟ್ಟ ಜಾಗದಲ್ಲೇ ನಿಂತರೆ ಬಿಗಿ, ಹೆಬ್ಬೆರಳಿನ ಬುಡ ನೋಯುತ್ತೆ. ಸುಮಾರು ಮೂರನೇ ಒಂದು ಭಾಗ ತೆರೆದು ನಿಲ್ಲಬೇಕು. ಅದರಿಂದ ಕಾಗದ ಒಂದು ಸಲ ಕತ್ತರಿಸಿದರೂ ಮೊನಚು ಹೋಯ್ತು ಅಂತಲೇ ತಿಳಿಯಿರಿ.

ಸೊನ್ನೆಗಾರ್ಡ್

ಎಲ್ಲರೂ ಕತ್ತರಿ ಕತ್ತರಿ ಅಂತಿದ್ದೀರಿ. ಕೂತವರು ಕೇಳುವುದು ಫೇಡ್. ಮಷಿನ್ ಸರಿಯಾಗಿ ಕಲಿಸಿದರೆ ಅದರಲ್ಲೂ ಲೆಕ್ಕ ಇದೆ, ಬುದ್ಧಿ ಇದೆ. ಗಾರ್ಡ್ ನಂಬರ್ ಅಂದರೆ ಇಂಚಿನ ಎಂಟನೇ ಒಂದು ಭಾಗದ ಲೆಕ್ಕ. 1ನೇದು 3 ಮಿ.ಮೀ., 2ನೇದು 6, 3ನೇದು 10, 4ನೇದು 13, 8ನೇದು 25. ಲಿವರ್, ಅಂದರೆ ಬ್ಲೇಡನ್ನು ಹಿಂದೆ ಮುಂದೆ ಸರಿಸುವ ಮಷಿನ್ ಪಕ್ಕದ ಕಡ್ಡಿ, ಮುಚ್ಚಿದಾಗ ಬರಿ ಬ್ಲೇಡ್ ಸುಮಾರು 0.5 ಮಿ.ಮೀ. ಬಿಡುತ್ತೆ, ತೆರೆದಾಗ ಸುಮಾರು 2. ಅಂದರೆ 1ನೇ ಗಾರ್ಡಿಗೆ ಲಿವರ್ ಪೂರ್ತಿ ತೆರೆದರೆ ಒಂದೂವರೆ ನಂಬರ್, ಸುಮಾರು 4.5 ಮಿ.ಮೀ. ಇದನ್ನು ಬಾಯಿಪಾಠ ಮಾಡಿಸಿ, ಮಗ್ಗಿ ಹೇಳಿದ ಹಾಗೆ ಹೇಳಬೇಕು. ಹೈಸ್ಕೂಲಿನವರಿಗೆ ಇದು ಒಂದು ದಿನದ ಕೆಲಸ.

ಎಣ್ಣೆಬಾಟ್ಲಿ

ಒಂದು ತಿದ್ದುಪಡಿ. ಎಲ್ಲ ಕಂಪನಿಯ ಗಾರ್ಡೂ ಈ ಲೆಕ್ಕಕ್ಕೆ ಬರಲ್ಲ. ಕೆಲವು ಟ್ರಿಮ್ಮರ್‌ಗಳಲ್ಲಿ ಮೇಲೆ ಬರೆದ ಅಂಕಿ ನೇರ ಮಿಲಿಮೀಟರ್. ಅಲ್ಲಿ 3 ಅಂದರೆ 3 ಮಿ.ಮೀ., ಅಂದರೆ ಈ ಲೆಕ್ಕದ 1ನೇ ನಂಬರ್. ಒಂದು ಮಷಿನ್ನಿನ ಗಾರ್ಡನ್ನು ಇನ್ನೊಂದಕ್ಕೆ ಹಾಕಿ ಹೊಂದಿಕೆಯಾಗದೆ ತಲೆ ನಡುವೆ ಕಳಚಿದರೆ ಬೋಳು ಪಟ್ಟೆ ಬೀಳುತ್ತೆ. ಗಾರ್ಡ್ ಹಾಕಿದ ಮೇಲೆ ಅಂಗೈಗೆ ಒಂದು ಸಲ ಒತ್ತಿ ನೋಡುವುದು ಅಭ್ಯಾಸ ಆಗಬೇಕು.

ಸೊನ್ನೆಗಾರ್ಡ್

ಒಪ್ಪಿದೆ, ಅದನ್ನು ಹೇಳಬೇಕಿತ್ತು.

ಬೂದುಕನ್ನಡಿ

ವಿಷಯಾಂತರಕ್ಕೆ ಕ್ಷಮೆ ಇರಲಿ. ಓದುವ ಮಕ್ಕಳು ಈ ಕೈಕೆಲಸಕ್ಕೆ ಯಾಕೆ ಸಮಯ ಕೊಡಬೇಕು? ಮೊದಲು ಓದು ಮುಗಿಯಲಿ, ಆಮೇಲೆ ಇದನ್ನು ಯಾವಾಗ ಬೇಕಾದರೂ ಕಲಿಯಬಹುದಲ್ಲ.

ಜೋಡಿಸುಳಿ

ಕೈ ಹದ ಬರಲು ಎಳೆ ವಯಸ್ಸೇ ಒಳ್ಳೆಯದು. ಓದಿಗೂ ಇದಕ್ಕೂ ವೈರ ಇಲ್ಲ. 90 ಡಿಗ್ರಿ ಎತ್ತಿದರೆ ಯಾಕೆ ಎಲ್ಲ ಕಡೆ ಒಂದೇ ಉದ್ದ, 45ಕ್ಕೆ ಇಳಿಸಿದರೆ ಯಾಕೆ ಕೆಳಗೆ ಭಾರ ಉಳಿಯುತ್ತೆ, ಇದು ರೇಖಾಗಣಿತ. ಕೂದಲಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 4.5ರಿಂದ 5.5, ಸಾಬೂನಿನದ್ದು 9ರಿಂದ 10. ಅದಕ್ಕೇ ಸಾಬೂನಿನಲ್ಲಿ ತೊಳೆದ ಕೂದಲಿನ ಮೇಲ್ಪದರ ಉಬ್ಬಿ ಒರಟಾಗುತ್ತೆ, ಬಾಚಣಿಗೆ ಸಿಕ್ಕಿಕೊಳ್ಳುತ್ತೆ. ಇದು ರಸಾಯನಶಾಸ್ತ್ರ. ಒದ್ದೆ ಕೂದಲು ಹಿಗ್ಗುತ್ತೆ, ಒಣಗಿದಾಗ ಮೇಲೇರುತ್ತೆ. ಗುಂಗುರು ಕೂದಲನ್ನು ಒದ್ದೆಯಲ್ಲಿ ಬೇಕಾದ ಅಳತೆಗೇ ಕತ್ತರಿಸಿದರೆ ಒಣಗಿದ ಮೇಲೆ ತುಂಬಾ ಗಿಡ್ಡ ಆಗಿರುತ್ತೆ. ಪಾಠದಲ್ಲಿ ಓದಿದ್ದನ್ನು ಅದೇ ಸಂಜೆ ಕೈಯಲ್ಲಿ ಮುಟ್ಟುವ ಅವಕಾಶ ಎಷ್ಟು ಮಕ್ಕಳಿಗೆ ಸಿಗುತ್ತೆ?

ಕತ್ತರಿಗಾರ

ಕೈಕೆಲಸ ಅಂತ ಕೀಳಾಗಿ ಕಾಣುವವರಿಗೆ ಆಂಬ್ರೋಯ್ಸ್ ಪಾರೆಯನ್ನು ನೆನಪಿಸಬೇಕು. 16ನೇ ಶತಮಾನದ ಫ್ರಾನ್ಸಿನವನು, ಕ್ಷೌರಿಕ-ಶಸ್ತ್ರವೈದ್ಯನ ಶಿಷ್ಯನಾಗಿ ಶುರುಮಾಡಿ ರಾಜರ ಶಸ್ತ್ರವೈದ್ಯನಾದ. ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುವುದನ್ನು ಬಿಡಿಸಿದವನು ಅವನು. ಲಂಡನ್ನಿನಲ್ಲಿ 1540ರಿಂದ 1745ರವರೆಗೆ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘದಲ್ಲಿದ್ದರು.

ಸೊನ್ನೆಗಾರ್ಡ್

ಮಷಿನ್ನಿಗೂ ಇತಿಹಾಸ ಇದೆ. ಲಿಯೋ ವಾಲ್ ವಿದ್ಯುತ್ ಮಷಿನ್ನಿಗೆ 1919ರಲ್ಲಿ ಪೇಟೆಂಟ್ ಅರ್ಜಿ ಹಾಕಿ 1921ರಲ್ಲಿ ಪಡೆದ. ನೂರು ವರ್ಷ ಆದ ಉಪಕರಣವನ್ನು ಇನ್ನೂ ಅಡ್ಡದಾರಿ ಅನ್ನುವುದು ಸರಿಯಲ್ಲ.

ಶುಚಿ

ಇಷ್ಟು ಹೊತ್ತು ಓದಿದೆ, ಒಬ್ಬರೂ ತೊಳೆಯುವ ವಿಷಯ ಎತ್ತಲಿಲ್ಲ. ಚಿಕ್ಕ ಮಕ್ಕಳ ಕೈಗೆ ಹರಿತವಾದ್ದು ಕೊಡುವಾಗ ಮೊದಲ ಪಾಠ ಇದೇ ಆಗಬೇಕು.

ಸೋಂಕು ತೆಗೆಯುವ ದ್ರಾವಣಕ್ಕೆ ಹಾಕುವ ಮೊದಲು ಕೂದಲು ತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಒರೆಸಿ ಒಣಗಿಸಬೇಕು. ಕೊಳೆ ಇದ್ದರೆ ದ್ರಾವಣ ಕೊಳೆಗೇ ಖರ್ಚಾಗುತ್ತೆ, ನೀರು ಸೋರುತ್ತಿದ್ದರೆ ದ್ರಾವಣ ತೆಳ್ಳಗಾಗುತ್ತೆ. ಪೂರ್ತಿ ಮುಳುಗಿರಬೇಕು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು. ಹಲವು ದ್ರಾವಣಗಳಿಗೆ ಅದು 10 ನಿಮಿಷ. ಬರೀ ಅದ್ದಿ ತೆಗೆದರೆ ಏನೂ ಪ್ರಯೋಜನ ಇಲ್ಲ. ಅದಕ್ಕೇ ಬಾಚಣಿಗೆ, ಕತ್ತರಿ ಎರಡೆರಡು ಜೊತೆ ಬೇಕು, ಒಂದು ನೆನೆಯುವಾಗ ಇನ್ನೊಂದು ಕೈಯಲ್ಲಿ. ಆಲ್ಕೋಹಾಲ್ ಬಳಸುವುದಾದರೆ 70 ಪ್ರತಿಶತದ್ದು. 99ರದ್ದು ಬೇಗ ಆರಿಹೋಗುತ್ತೆ, ನೀರಿನಂಶ ಇಲ್ಲದೆ ಸೂಕ್ಷ್ಮಾಣುವನ್ನು ಅಷ್ಟು ಚೆನ್ನಾಗಿ ಕೊಲ್ಲಲ್ಲ. ನೀಲಿ ದೀಪದ (ಯು.ವಿ.) ಪೆಟ್ಟಿಗೆ ತೊಳೆದ ಸಾಮಾನು ಇಡಲು ಮಾತ್ರ. ಬೆಳಕು ಬೀಳದ ಮಗ್ಗುಲಲ್ಲಿ ಅದು ಏನೂ ಮಾಡಲ್ಲ.

ರಕ್ತ ಬಂದರೆ ಅಲ್ಲಿಗೇ ಕೆಲಸ ನಿಲ್ಲಿಸಬೇಕು. ಕೈಗವಸು, ಗಾಯಕ್ಕೆ ಒತ್ತುವ ಶುದ್ಧ ಗಾಜ್ (gauze) ಬಟ್ಟೆ, ಒತ್ತಿ ಹಿಡಿಯುವುದು. ಪಟಿಕದ ಕಲ್ಲನ್ನು ಒಬ್ಬರ ಮುಖಕ್ಕೆ ಉಜ್ಜಿ ಇನ್ನೊಬ್ಬರಿಗೂ ಅದನ್ನೇ ಉಜ್ಜುವುದು ದೊಡ್ಡ ತಪ್ಪು. ಪುಡಿಯನ್ನು ಒಮ್ಮೆ ಬಳಸಿ ಬಿಸಾಡುವ ಹತ್ತಿಯಲ್ಲಿ ಹಚ್ಚಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಸೋಂಕು ಹರಡಬಲ್ಲದು. ಕಲಿಯಲು ಬರುವ ಪ್ರತಿ ಮಗುವಿಗೂ ಅದರ ಲಸಿಕೆ ಆಗಿದೆಯೇ ಅಂತ ಮನೆಯವರನ್ನು ಕೇಳಿಯೇ ಸೇರಿಸಿಕೊಳ್ಳಿ.

ಹುಳಕಡ್ಡಿ, ಕೀವು ಗುಳ್ಳೆ, ಹೇನು ಕಂಡರೆ ಕತ್ತರಿ ಇಡಬಾರದು. ಅದನ್ನು ಕೂತವರಿಗೆ ಅವಮಾನ ಆಗದ ಹಾಗೆ, ಮೆಲುದನಿಯಲ್ಲಿ ಹೇಳುವುದೂ ಪಾಠವೇ.

ಅಲಗು

ಬರೋಬ್ಬರಿ ಹೇಳಿದ್ರಿ. ಇನ್ನೊಂದು ಸೇರಿಸ್ತೀನಿ. ಚಪ್ಪಲಿ ಹಾಕ್ಕೊಂಡು ನಿಲ್ಲಬಾರದು, ಮುಚ್ಚಿದ ಬೂಟ್ ಬೇಕು. ಕತ್ತರಿಸಿದ ಗಿಡ್ಡ ಕೂದಲ ಸೂಜಿ ಇದ್ದಂಗ. ಬೆರಳ ಸಂದಿಯಾಗ ಚುಚ್ಚಿ ಒಳಗ ಹೋಗಿ ಕೀವು ಆಗ್ತದ, ಕಾಲಿನಾಗೂ ಆಗ್ತದ. ಕ್ಷೌರದವರಿಗೇ ಬರೂ ರೋಗ ಅದು. ದಿನಾ ಕೆಲಸ ಮುಗಿದ ಮ್ಯಾಲ ಬೆರಳ ಸಂದಿ ತೊಳೆದು ಬೆಳಕಿಗೆ ಹಿಡಿದು ನೋಡ್ಕೋಬೇಕು.

ಬಾಚಣಿಗೆ ಕೈ

ನಿಲ್ಲುವ ಭಂಗಿಯೂ ಅಷ್ಟೇ. ಬೆಳೆಯುವ ವಯಸ್ಸಿನವರು, ಎತ್ತರ ಬೇರೆಬೇರೆ. ಕತ್ತರಿಸುವ ಜಾಗ ಎದೆ ಮಟ್ಟಕ್ಕೆ ಬರುವ ಹಾಗೆ ಕುರ್ಚಿ ಏರಿಸಬೇಕು, ಇಳಿಸಬೇಕು. ಹೊಸಬರು ಕುರ್ಚಿ ಮುಟ್ಟದೆ ತಾವೇ ಬಗ್ಗುತ್ತಾರೆ. ಹಿಂಗತ್ತು ಮಾಡುವಾಗ ಕುರ್ಚಿ ಏರಿಸಬೇಕು, ನೆತ್ತಿ ಮಾಡುವಾಗ ಇಳಿಸಬೇಕು. ಮೊಣಕೈ ಭುಜದ ಮಟ್ಟಕ್ಕಿಂತ ಏರಿತು ಅಂದರೆ ಕುರ್ಚಿ ತಪ್ಪಿದೆ ಅಂತ ಅರ್ಥ.

ಒಂಬತ್ತನೇ ಕ್ಲಾಸು

ಶೇವಿಂಗ್ ಎರಡನೇ ವರ್ಷ ಅಂದಿರಿ. ಬಲೂನಿಗೆ ನೊರೆ ಹಚ್ಚಿ ಅಭ್ಯಾಸ ಮಾಡಬಹುದು ಅಂತ ಕೇಳಿದ್ದೀನಿ. ಅದನ್ನು ಈಗಲೇ ಮಾಡಬಹುದಾ?

ಜೋಡಿಸುಳಿ

ಮಾಡಬಹುದು, ಆದರೆ ದೊಡ್ಡವರು ಪಕ್ಕದಲ್ಲಿರಲಿ. ಮೊದಲ ವಾರ ಬ್ಲೇಡ್ ಹಾಕದೆ ಬರೀ ಹಿಡಿಯಲ್ಲಿ ನೊರೆ ತೆಗೆ. ಬ್ಲೇಡ್ ಚರ್ಮಕ್ಕೆ ಸುಮಾರು 30 ಡಿಗ್ರಿ. ಅದಕ್ಕಿಂತ ನೆಟ್ಟಗಾದರೆ ಕೆರೆಯುತ್ತೆ, ಗಾಯ ಆಗುತ್ತೆ. ತೀರಾ ಮಲಗಿದರೆ ಕೂದಲು ಕೀಳುತ್ತೆ. ಚಿಕ್ಕ ಎಳೆತ, 3-4 ಸೆಂ.ಮೀ.ಗಿಂತ ಉದ್ದ ಬೇಡ.

ಬಲೂನು ಕಲಿಸದೇ ಇರುವುದು ಎಡಗೈ ಕೆಲಸ. ಬಲೂನು ಮೊದಲೇ ಬಿಗಿ, ಮುಖದ ಚರ್ಮ ಹಾಗಲ್ಲ. ಬ್ಲೇಡ್ ಹೋಗುವ ದಿಕ್ಕಿಗೆ ಎದುರಾಗಿ ಚರ್ಮ ಎಳೆದು ಹಿಡಿಯಬೇಕು, ಬೆರಳು ಒಣಗಿರಬೇಕು, ಒದ್ದೆ ಇದ್ದರೆ ಜಾರುತ್ತೆ. ಮುಖವನ್ನು 14 ಭಾಗ ಮಾಡಿ, ಯಾವ ಭಾಗಕ್ಕೆ ಯಾವ ಹಿಡಿತ ಅಂತ ಕಲಿಸುವ ಕ್ರಮ ಇದೆ. ಅದನ್ನು ಈಗಲೇ ಚಿತ್ರ ಬರೆದು ಕಲಿ. ಕುತ್ತಿಗೆಯಲ್ಲಿ ಕೂದಲು ಬೆಳೆಯುವ ದಿಕ್ಕು ಒಬ್ಬೊಬ್ಬರದ್ದು ಒಂದೊಂದು ಥರ, ಬೆರಳಾಡಿಸಿ ನೋಡದೆ ಬ್ಲೇಡ್ ಇಡಬಾರದು. ಎದುರು ದಿಕ್ಕಿಗೆ ಎಳೆದರೆ ನುಣುಪು ಬರುತ್ತೆ, ಆದರೆ ಗುಂಗುರು ಗಡ್ಡದವರಿಗೆ ಕೂದಲು ಒಳಕ್ಕೆ ಬೆಳೆದು ಗುಳ್ಳೆ ಏಳುತ್ತೆ. ಮುಂಚೆ ಬಿಸಿ ಟವೆಲು ಎರಡು ಮೂರು ನಿಮಿಷ. ಟವೆಲು ಮುಖಕ್ಕೆ ಇಡುವ ಮೊದಲು ನಿನ್ನ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡು.

ಶುಚಿ

ಪ್ರತಿಯೊಬ್ಬರಿಗೂ ಹೊಸ ಬ್ಲೇಡ್. ಹಳೆಯದು ಗಟ್ಟಿ ಡಬ್ಬಿಗೆ. ಕಸದ ಬುಟ್ಟಿಗೆ ಅಲ್ಲ.

ಒಂಬತ್ತನೇ ಕ್ಲಾಸು

ಇನ್ನೊಂದು ಪ್ರಶ್ನೆ. ಮಷಿನ್ ಶುರುಮಾಡಿದೀನಿ. ಫೇಡ್ ಮಾಡುವಾಗ ಹಿಂದಲೆಯಲ್ಲಿ ಒಂದು ಕಪ್ಪು ಗೆರೆ ಉಳಿದುಬಿಡುತ್ತೆ. ಎಷ್ಟು ಸಲ ಓಡಿಸಿದರೂ ಹೋಗಲ್ಲ. ಓಡಿಸಿದಷ್ಟೂ ಮೇಲಕ್ಕೆ ಹೋಗುತ್ತೆ.

ಸೊನ್ನೆಗಾರ್ಡ್

ಮೇಲಕ್ಕೆ ಹೋಗುತ್ತೆ ಅಂದೆಯಲ್ಲ, ಕಾರಣ ಅದರಲ್ಲೇ ಇದೆ. ಯಾವ ಗಾರ್ಡಿನಿಂದ ಗೆರೆ ಬಿದ್ದಿದೆಯೋ ಅದೇ ಗಾರ್ಡಿನಿಂದ ಅಳಿಸಲು ನೋಡ್ತಿದ್ದೀಯ. ಗೆರೆ ಅಳಿಸುವುದು ಎರಡೂ ಕಡೆಯ ಅಳತೆಗಳ ನಡುವಿನ ಅಳತೆಯಿಂದ.

ಕ್ರಮ ಹೀಗೆ. ಒಣ ಕೂದಲು, ಬ್ರಷ್ ಮಾಡಿ ಪೂರ್ತಿ ನಿಲ್ಲಿಸು. ಮೊದಲು 3ನೇ ಗಾರ್ಡಿನಲ್ಲಿ ಪಕ್ಕ, ಹಿಂದಿನ ದಪ್ಪ ಇಳಿಸು. ನಂತರ ಲಿವರ್ ಮುಚ್ಚಿದ ಬರಿ ಬ್ಲೇಡಿನಲ್ಲಿ ಅತ್ಯಂತ ಕೆಳಗಿನ ಗೆರೆ, ಸುತ್ತಲೂ ಒಂದೇ ಮಟ್ಟಕ್ಕೆ. ಬ್ಲೇಡ್ ಒತ್ತಬೇಡ, ಒತ್ತಿದ ಗೆರೆ ಆಮೇಲೆ ಹೋಗುವುದೇ ಇಲ್ಲ. ಲಿವರ್ ತೆರೆದು ಅದರಿಂದ ಒಂದೂವರೆ ಸೆಂ.ಮೀ. ಮೇಲೆ ಇನ್ನೊಂದು. 1ನೇ ಗಾರ್ಡ್ ಹಾಕಿ ಲಿವರ್ ತೆರೆದು ಮತ್ತೆ ಒಂದೂವರೆ ಸೆಂ.ಮೀ. ಅದರ ಮೇಲೆ 2ನೇ ಗಾರ್ಡ್. ಈಗ ಮೆಟ್ಟಿಲು ಸಿದ್ಧ.

ಇನ್ನು ಅಳಿಸುವುದು. 2 ಮತ್ತು 1ರ ನಡುವಿನ ಗೆರೆಗೆ ಒಂದೂವರೆ ಗಾರ್ಡ್ ಲಿವರ್ ಅರ್ಧ ತೆರೆದು, ಗೆರೆಯ ಮೇಲೆ ಮಾತ್ರ. ಅದರ ಕೆಳಗಿನದ್ದಕ್ಕೆ 1ನೇ ಗಾರ್ಡ್ ಮುಚ್ಚಿ, ಆಮೇಲೆ ಅರ್ಧ ನಂಬರ್ ಗಾರ್ಡಿನಲ್ಲಿ ಲಿವರ್ ಅರ್ಧ ತೆರೆದು. ಅತ್ಯಂತ ಕೆಳಗಿನದ್ದಕ್ಕೆ ಗಾರ್ಡ್ ಇಲ್ಲದೆ, ಲಿವರನ್ನು ನಡುವಿನಿಂದ ಸ್ವಲ್ಪಸ್ವಲ್ಪವೇ ಮುಚ್ಚುತ್ತಾ, ಬ್ಲೇಡಿನ ಮೂಲೆಯ ಮೂರು ನಾಲ್ಕು ಹಲ್ಲಿನಿಂದ. ಪ್ರತಿ ಸಲವೂ ಮಷಿನ್ ಗೆರೆ ಮುಟ್ಟಿದ ಕೂಡಲೇ ಮಣಿಕಟ್ಟು ಹೊರಕ್ಕೆ ತಿರುಗಿ ತಲೆಯಿಂದ ಬಿಡಿಸಿಕೊಳ್ಳಬೇಕು, ಮೊರದಲ್ಲಿ ಕೇರಿದ ಹಾಗೆ. ನೇರ ಮೇಲಕ್ಕೆ ತಳ್ಳಿದರೆ ಗೆರೆ ಅಳಿಯಲ್ಲ, ಜಾಗ ಬದಲಿಸುತ್ತೆ.

ಜೋಡಿಸುಳಿ

ಇದರ ಜೊತೆ ಇನ್ನೂ ಒಂದು ಸಾಧ್ಯತೆ. ಹಿಂದಲೆಯಲ್ಲಿ ಮಾತ್ರ ಅಂದೆಯಲ್ಲ, ಅಲ್ಲಿ ಮೂಳೆ ಉಬ್ಬು ಇದೆ, ಅದರ ಕೆಳಗೆ ತಗ್ಗು. ಗಾರ್ಡ್ ತಗ್ಗಿನ ಮೇಲಿಂದ ಸೇತುವೆಯ ಹಾಗೆ ದಾಟಿಬಿಡುತ್ತೆ, ಒಳಗಿನ ಕೂದಲು ಉದ್ದ ಉಳಿದು ಕಪ್ಪಗೆ ಕಾಣುತ್ತೆ. ಅಲ್ಲಿ ಗಾರ್ಡ್ ತೆಗೆದು ಬಾಚಣಿಗೆ ಮೇಲೆ ಮಷಿನ್ ಓಡಿಸು. ಕತ್ತರಿಗಾರರು ಬಾಚಣಿಗೆ ಮೊದಲು ಅಂದದ್ದು ಇದಕ್ಕೇ. ಕಿವಿಯ ಹಿಂದಿನ ಮೂಳೆ ಹತ್ತಿರವೂ ಹೀಗೇ ಆಗುತ್ತೆ.

ದೀಪ ನೇರ ನೆತ್ತಿ ಮೇಲಿದ್ದರೆ ಆ ಉಬ್ಬಿನ ನೆರಳೇ ಗೆರೆಯ ಹಾಗೆ ಕಾಣುತ್ತೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ನೋಡು. ಗೆರೆ ಮಾಯವಾದರೆ ಅದು ನೆರಳು, ಅಳಿಸಲು ಹೋಗಿ ಬೋಳು ಮಾಡಬೇಡ.

ಎಣ್ಣೆಬಾಟ್ಲಿ

ಮಷಿನ್ನನ್ನೂ ಒಂದು ಸಲ ನೋಡಿಬಿಡು. ಸ್ವಚ್ಛ ಮಾಡಲು ಬ್ಲೇಡ್ ಬಿಚ್ಚಿ ಹಾಕಿದ್ದೀಯಾ? ಆಡುವ ಬ್ಲೇಡಿನ ಹಲ್ಲಿನ ತುದಿ ಕೆಳಗಿನ ಬ್ಲೇಡಿನ ತುದಿಗಿಂತ ಸುಮಾರು 0.8 ಮಿ.ಮೀ. ಹಿಂದೆ, ಎರಡೂ ಸಮಾನಾಂತರ ಇರಬೇಕು. ಓರೆ ಕೂತಿದ್ದರೆ ಒಂದು ಮೂಲೆ ಹೆಚ್ಚು ಕತ್ತರಿಸುತ್ತೆ, ಗೆರೆ ಬೀಳುತ್ತೆ. ತೀರಾ ಮುಂದೆ ಬಂದಿದ್ದರೆ ಚರ್ಮ ಹರಿಯುತ್ತೆ. ಕೆಲಸಕ್ಕೆ ಮುಂಚೆ, ಮುಗಿದ ಮೇಲೆ ಹಲ್ಲಿನ ಉದ್ದಕ್ಕೆ ಎರಡು ಮೂರು ಹನಿ ಎಣ್ಣೆ, ಹತ್ತು ಸೆಕೆಂಡು ಓಡಿಸಿ ಒರೆಸು. ಒಣ ಬ್ಲೇಡ್ ಬಿಸಿ ಆಗುತ್ತೆ, ಕೂದಲು ಕೀಳುತ್ತೆ.

ಕತ್ತರಿಗಾರ

ಅಲಗು ಅವರ ಮಾತು ಯೋಚಿಸಿದೆ. ಮೊದಲ ತಿಂಗಳಲ್ಲೇ 3ನೇ ಗಾರ್ಡಿನಲ್ಲಿ ಒಂದೇ ಅಳತೆ ಇಳಿಸುವುದನ್ನು ಸೇರಿಸ್ತೀನಿ, ತಲೆಬುರುಡೆ ಓದುವ ಪಾಠವಾಗಿ. ಫೇಡ್ ಮಾತ್ರ ಎಂಟನೇ ತಿಂಗಳಿಗಿಂತ ಮುಂಚೆ ಇಲ್ಲ. ಮೇಲಿನ ಕಪ್ಪು ಗೆರೆಯ ಕಥೆಯೇ ನನ್ನ ವಾದಕ್ಕೆ ಸಾಕ್ಷಿ.

ಸೊನ್ನೆಗಾರ್ಡ್

ಐದನೇ ತಿಂಗಳಿಗೆ ಶುರುಮಾಡಿ ಎಂಟಕ್ಕೆ ಸರಿಹೋಗಲಿ ಅಂತೀನಿ ನಾನು. ತಪ್ಪು ಮಾಡದೆ ನಡುವಿನ ಅಳತೆ ತಲೆಗೆ ಹತ್ತಲ್ಲ.

ಅಲಗು

ಮಾತಾಡೋದನ್ನೂ ಕಲಿಸ್ರಿ. ಕೂತವರು "ಸ್ವಲ್ಪ ಸಣ್ಣ ಮಾಡು" ಅಂದ್ರ ಎಷ್ಟು ಅಂತ ಬೆರಳಿನಾಗ ತೋರಿಸಾಕ ಹೇಳಬೇಕು. ಕೂದಲ ತಿಂಗಳಿಗೆ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು ಬೆಳಿತದ. ಕಡೀಕ ಯಾವಾಗ ಮಾಡ್ಸಿದ್ರಿ ಅಂತ ಕೇಳಿದ್ರ ಎಷ್ಟು ತಗಿಬೇಕು ಅನ್ನೋದು ಅರ್ಧ ತಿಳಿದಂಗ. ಅವರು ಹೇಳಿದ್ದರಾಗ ಮೊದಲ ಅರ್ಧ ಅಷ್ಟ ತಗದು ಕನ್ನಡಿ ತೋರಿಸಬೇಕು. ಜೋಡಿ ಸುಳಿ ಇದ್ದವರಿಗೆ ನೆತ್ತಿ ಮ್ಯಾಲ ಒಂದು 3 ಸೆಂ.ಮೀ. ಬಿಡ್ರಿ, ಇಲ್ಲಾ ಪೂರ್ತಿ ಸಣ್ಣ ಮಾಡ್ರಿ. ನಡುವಿನ ಅಳತಿಗೆ ಅದು ಕೋಡಿನಂಗ ನಿಲ್ತದ.

ಒಂಬತ್ತನೇ ಕ್ಲಾಸು

ಎಲ್ಲರಿಗೂ ಥ್ಯಾಂಕ್ಸ್. ಒಂದೂವರೆ ಗಾರ್ಡ್ ನನ್ನ ಹತ್ತಿರ ಇರಲೇ ಇಲ್ಲ, ಅದಕ್ಕೇ ಇರಬೇಕು. ಕೊನೆಯದಾಗಿ ಒಂದು. ನಾನು ಎಡಚ. ಲಿವರ್ ಹೆಬ್ಬೆರಳಿಗೆ ಸಿಗಲ್ಲ, ಕತ್ತರಿಯಲ್ಲೂ ಕೂದಲು ಮಡಚಿಕೊಳ್ಳುತ್ತೆ. ಬಲಗೈಗೆ ಬದಲಾಯಿಸಿಕೊಳ್ಳಬೇಕಾ?

ಬಾಚಣಿಗೆ ಕೈ

ಬೇಡ ತಮ್ಮಾ. ಕೈ ಬದಲಿಸಬೇಡ, ಕತ್ತರಿ ಬದಲಿಸು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿನ ಒತ್ತಡ ಅಲಗುಗಳನ್ನು ಒಂದಕ್ಕೊಂದು ಒತ್ತುವ ಬದಲು ದೂರ ತಳ್ಳುತ್ತೆ, ಅದಕ್ಕೇ ಕೂದಲು ಮಡಚುತ್ತೆ. ಹಿಡಿ ಮಾತ್ರ ತಿರುಗಿಸಿದ್ದು ಸಾಲದು, ಅಲಗು ಕೂಡ ಎಡಗೈಗೆ ಅಂತಲೇ ಉಲ್ಟಾ ಜೋಡಿಸಿದ್ದು ಬೇಕು. ಕೊಳ್ಳುವಾಗ ಒದ್ದೆ ಟಿಶ್ಯೂ ಕಾಗದ ಒಂದು ಪದರ ಕತ್ತರಿಸಿ ನೋಡು, ತುದಿಯವರೆಗೆ ಎಳೆಯದೆ ಕತ್ತರಿಸಬೇಕು. ಬೇರೆ ಕಾಗದ ಅಲ್ಲ, ಎಣ್ಣೆಬಾಟ್ಲಿ ಅವರು ಹೇಳಿದ್ದು ನೆನಪಿರಲಿ.

ಎಣ್ಣೆಬಾಟ್ಲಿ

ಒದ್ದೆ ಟಿಶ್ಯೂ ಪರವಾಗಿಲ್ಲ, ಒಪ್ಪಿದೆ. ಮಷಿನ್ ಲಿವರನ್ನು ಎಡಗೈಯವರು ತೋರುಬೆರಳಲ್ಲಿ ತಿರುಗಿಸ್ತಾರೆ, ಎರಡು ವಾರದಲ್ಲಿ ರೂಢಿ ಆಗುತ್ತೆ. ಲಿವರ್ ತಾನಾಗಿ ಜಾರುತ್ತಿದ್ದರೆ ಅದರ ತಿರುಪು ಕಾಲು ಸುತ್ತು ಬಿಗಿ ಮಾಡು.